ಬಣ್ಣದ ಮನೆಯ ನೆಲ

ಇಳಕಲ್ಲಿನ ಚಾಂದಸಾಬನಿಗೆ ಬರಿ ನೆಲ ಕಂಡರೆ ಸಂಕಟವಾಗುತ್ತಿತ್ತು. ಊರ ಹೊರಗೆ ಹುನಗುಂದ ರಸ್ತೆಯಲ್ಲಿ ಅವನದೊಂದು ಗ್ರಾನೈಟ್ ಪಾಲಿಶ್ ಕಾರ್ಖಾನೆ. ಕ್ವಾರಿಯಿಂದ ಬಂದ ಕೆಂಪು ಬಂಡೆಯನ್ನು ಹಲಗೆ ಹಲಗೆಯಾಗಿ ಕೊಯ್ದು, ಮುಖ ಕಾಣುವ ಹಾಗೆ ಉಜ್ಜಿ, ಲಾರಿಗೆ ಹೇರಿ ಕಳಿಸುವುದರಲ್ಲೇ ಅವನ ಮೀಸೆ ಬೆಳ್ಳಗಾಗಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಚಪ್ಪಲಿ ಬಿಟ್ಟು, ಕಾಲಿನ ಹೆಬ್ಬೆರಳಿನಿಂದ ನೆಲ ಒತ್ತಿ ನೋಡಿ, "ಇಲ್ಲೊಂದಿಷ್ಟು ಕಲ್ಲ ಹಾಕಸ್ರಿ" ಎನ್ನದೆ ತಾಟಿನ ಮುಂದೆ ಕೂತವನಲ್ಲ. ಅವನ ಸ್ವಂತ ಮನೆಯಲ್ಲಂತೂ ಪಡಸಾಲೆ, ಅಡುಗೆಮನೆ, ಮೆಟ್ಟಿಲು, ಹಿತ್ತಲಿನ ಬಟ್ಟೆ ಒಗೆಯುವ ಕಟ್ಟೆ, ಕಡೆಗೆ ಕೋಳಿಗೂಡಿನ ತಳಕ್ಕೂ ಗ್ರಾನೈಟೇ. ಕಾಳು ಚೆಲ್ಲಿದಾಗ ಓಡಿಬರುವ ಕೋಳಿಗಳು ಅದರ ಮೇಲೆ ನಿಲ್ಲಲಾರದೆ ಒಂದರ ಮೈಮೇಲೊಂದು ಜಾರಿ ಬೀಳುತ್ತಿದ್ದವು. ಅವನ ಹೆಂಡತಿ ಅಮೀನಬಿ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಿದ್ದಳು.

ಈ ಅಮೀನಬಿಗೆ ತವರಿನಿಂದ ಬಂದ ಆಸ್ತಿ ನೇಕಾರ ಓಣಿಯ ತುದಿಯಲ್ಲಿದ್ದ ಬಣ್ಣದ ಮನೆ. ಅವಳ ಅಜ್ಜ ಅಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ. ಅಪ್ಪನೂ ಅದನ್ನೇ ಮಾಡಿದ. ಮೊಳಕ್ಕೂ ಮಿಕ್ಕಿದ ದಪ್ಪದ ಕಲ್ಲುಮಣ್ಣಿನ ಗೋಡೆ, ಸಾಗವಾನಿ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುವೆ ಅಂಗಳ, ಅಂಗಳದಲ್ಲಿ ನೂಲು ಅದ್ದುವ ಕಲ್ಲಿನ ಬಾನಿಗಳು. ಎಡಗಡೆಯ ಕೋಣೆ ಕೆಂಪು ಬಣ್ಣಕ್ಕೆ, ಬಲಗಡೆಯದು ನೀಲಿಗೆ, ಮುಂದಿನ ಪಡಸಾಲೆ ಗಿರಾಕಿಗಳಿಗೆ. ಅಪ್ಪ ತೀರಿಕೊಂಡ ಮೇಲೆ ಬೀಗ ಬಿದ್ದ ಮನೆಯಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು.

ಆ ಜಾಗದಲ್ಲಿ ಚಾಂದಸಾಬನ ಶೋರೂಮ್ ಎದ್ದು ನಿಂತು ಬಹಳ ವರ್ಷಗಳೇ ಆಗಿದ್ದವು. ನಿಂತಿದ್ದು ಅವನ ತಲೆಯೊಳಗೆ ಮಾತ್ರ. ಹೊರಗೆ ಗಾಜು, ಒಳಗೆ ಕೆಂಪು ಕಲ್ಲು, ಮೇಲೊಂದು ದೀಪದ ಬೋರ್ಡು. ಮನೆ ಕೆಡವುವ ಮಾತನ್ನು ಹೆಂಡತಿಯ ಮುಂದೆ ಯಾವಾಗ ಎತ್ತುವುದೆಂದು ಅವನು ಮುಹೂರ್ತ ಹುಡುಕುತ್ತಿರುವಾಗಲೇ ಸರ್ಕಾರದವರು ಬಂದರು. ಹಳೆಯ ಕಟ್ಟಡಗಳನ್ನೆಲ್ಲ ನೋಡುತ್ತ ಬಂದವರು ಬಣ್ಣದ ಮನೆಯನ್ನೂ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿ, ಬಾಗಿಲ ಪಕ್ಕ ಒಂದು ಫಲಕ ಜಡಿದು ಹೋದರು. ಕೆಡವುವಂತಿಲ್ಲ, ರೂಪ ಬದಲಿಸುವಂತಿಲ್ಲ. ಒಪ್ಪಿಗೆ ಪಡೆದು ದುರಸ್ತಿ ಮಾಡಿಕೊಂಡು ಬಳಸಬಹುದು.

"ನಮ್ಮ ಮನಿ ನಾವ್ ಕೆಡವಾಕ ಇವರ್ನ ಯಾಕ ಕೇಳಬೇಕು?" ಎಂದು ಚಾಂದಸಾಬ ಸಂಜೆ ಚಹಾ ಕುಡಿಯುತ್ತ ಗೊಣಗಿದ.

"ಕೆಡವಾಕ ಯಾರ್ ಹೇಳ್ಯಾರ?" ಎಂದಳು ಅಮೀನಬಿ.

ಮುಹೂರ್ತ ಅಲ್ಲಿಗೆ ಮುಗಿಯಿತು. ಮರುವಾರ ಅಮೀನಬಿ ತನ್ನ ತೀರ್ಮಾನ ಹೇಳಿದಳು. ತಂಗಿಯ ಮಗಳು ಶಹನಾಜ ಹಲ್ಲಿನ ಡಾಕ್ಟರ್ ಓದು ಮುಗಿಸಿ ಬಾಗಲಕೋಟೆಯಲ್ಲಿ ಯಾರದೋ ಕೈಕೆಳಗೆ ದುಡಿಯುತ್ತಿದ್ದಳು. ಅವಳು ಇಲ್ಲಿಗೆ ಬಂದು ಬಣ್ಣದ ಮನೆಯಲ್ಲಿ ದವಾಖಾನೆ ತೆರೆಯಲಿ. ಹೆಂಡತಿ ಕೇಳುವ ದನಿಯಲ್ಲಿ ಹೇಳಿದ್ದರೆ ಚಾಂದಸಾಬ ಬೇಡವೆನ್ನುತ್ತಿದ್ದನೇನೋ. ಅವಳು ಹೇಳುವ ದನಿಯಲ್ಲೇ ಹೇಳಿದಳು. ಹಾಗಾಗಿ ಅವನು ಇನ್ನೊಂದು ದಾರಿ ಹಿಡಿದ. ತಾನೇ ಮೇಲ್ವಿಚಾರಕನೆಂದು ಸಾರಿಕೊಂಡ. ಕಲ್ಲಿನ ವ್ಯವಹಾರ ತನ್ನಷ್ಟು ಬಲ್ಲವರು ಹುನಗುಂದದ ಈಚೆಗೆ ಯಾರಿದ್ದಾರೆ ಎಂಬುದು ಅವನ ವಾದ. ಎದುರುವಾದ ಮಾಡಲು ಯಾರೂ ಬರಲಿಲ್ಲ.

ದುರಸ್ತಿಯ ನಕ್ಷೆ ಮಾಡಿದವಳು ಸುಮಾ. ಬಾದಾಮಿಯ ಹುಡುಗಿ, ಹಳೆಯ ಕಟ್ಟಡಗಳನ್ನು ಕಾಪಾಡುವುದನ್ನೇ ಕಲಿತುಬಂದ ಆರ್ಕಿಟೆಕ್ಟ್. ಸ್ಕೂಟಿಯ ಮೇಲೆ ಬಂದಿಳಿದವಳು ಮೊದಲ ದಿನ ಅರ್ಧ ತಾಸು ಯಾರನ್ನೂ ಮಾತಾಡಿಸದೆ ಗೋಡೆಗಳನ್ನು ತಟ್ಟುತ್ತ, ಕಿವಿಯಿಟ್ಟು ಕೇಳುತ್ತ ಸುತ್ತಿದಳು. ಚಾಂದಸಾಬ ಅವಳ ಹಿಂದೆಯೇ ಸುತ್ತಿದ.

"ಗ್ವಾಡಿ ಏನಂತೈತ್ರಿ ಮೇಡಂ?"

"ಗಟ್ಟಿ ಅದೀನಿ ಅಂತೈತ್ರಿ. ಸಿಮೆಂಟ್ ಮಾತ್ರ ಹಚ್ಚಬ್ಯಾಡ್ರಿ ಅಂತೈತಿ. ಮಣ್ಣಿನ ಗೋಡಿಗೆ ಉಸಿರಾಡಾಕ ಜಾಗಾ ಬೇಕು. ನೆಲದಾಗಿನ ಹಸಿ ಹೊರಗ ಹೋಗಬೇಕಲ್ರಿ. ಒಳಗ ಹೊರಗ ಕಿತ್ತು ಹೋದಲ್ಲೆಲ್ಲಾ ಸುಣ್ಣದ ಗಚ್ಚು ಮಾಡೂಣು. ನೆಲಾನೂ ಗಚ್ಚಿಂದ."

"ಗ್ವಾಡಿ ಉಸಿರಾಡ್ತೈತಿ ಅಂತ ನಾ ಇವತ್ತ ಕೇಳಿದೆ. ನಾಳೆ ಅದಕ್ಕೂ ಒಂದ್ ಕಪ್ ಚಾ ಹೇಳಬೇಕಾದೀತು," ಎಂದು ಚಾಂದಸಾಬ ಶಹನಾಜಳ ಕಡೆ ನೋಡಿದ. ಅವಳು ನಗಬಹುದೆಂದುಕೊಂಡಿದ್ದ. ಅವಳು ಸುಮಾಳ ಮಾತನ್ನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಅವನು ಸೋಲದೆ, ನೆಲಕ್ಕೆ ಗ್ರಾನೈಟು ಪುಕ್ಕಟೆ ಕೊಡುವೆನೆಂದ. ಸುಮಾ ಬೇಡವೆಂದಳು. ಬರಿ ಪಡಸಾಲೆಗಾದರೂ ಎಂದ. ಬೇಡವೆಂದಳು. ಹೊಸ್ತಿಲಿಗೆ ಒಂದೇ ಒಂದು ಪಟ್ಟಿ ಎಂದ. ಹೊಸ್ತಿಲಿಗೆ ಆಗಲೇ ಒಳ್ಳೆಯ ಕಲ್ಲಿದೆ ಎಂದಳು. ಜೀವಮಾನದಲ್ಲಿ ಅವನ ಕಲ್ಲನ್ನು ಪುಕ್ಕಟೆ ಬೇಡವೆಂದವರನ್ನು ಚಾಂದಸಾಬ ಅಂದೇ ಮೊದಲು ಕಂಡದ್ದು. ಅವನಿಗೆ ರಾತ್ರಿ ಊಟ ಸೇರಲಿಲ್ಲ. ಎರಡೇ ಸಲ ಅನ್ನ ಹಾಕಿಸಿಕೊಂಡ.

ಮುಂದಿನ ಜಗಳ ಗೋಡೆಯ ಕಲೆಗಳದ್ದು. ಎರಡು ತಲೆಮಾರಿನ ನೂಲು ಕೊಡವಿ ಕೊಡವಿ ಗೋಡೆಗಳ ಮೇಲೆ ಬಣ್ಣದ ಸಿಡಿತ ಕೂತಿತ್ತು. ಅದನ್ನು ಹಾಗೆಯೇ ಉಳಿಸಬೇಕೆಂದು ಸುಮಾ ಹಠ ಹಿಡಿದಳು. ಮನೆ ಪಟ್ಟಿಗೆ ಸೇರಿದ್ದೇ ಆ ಕಾರಣಕ್ಕಂತೆ. ಈ ಒಂದು ವಿಷಯದಲ್ಲಿ ಚಾಂದಸಾಬನ ತಕರಾರು ತಳ್ಳಿಹಾಕುವಂಥದ್ದಾಗಿರಲಿಲ್ಲ.

"ಹಲ್ಲ ಕೀಳೂ ಖೋಲಿ ಇದು," ಎಂದ ಕೆಂಪು ಕೋಣೆಯ ನಡುವೆ ನಿಂತು. "ಗ್ವಾಡಿ ತುಂಬಾ ಕೆಂಪು ಸಿಡದೈತಿ. ಬಂದ ಪೇಷಂಟ್ ಕುರ್ಚಿ ಮ್ಯಾಲ ಕುಂತು ಸುತ್ತಲೂ ನೋಡಿ ಏನ್ ತಿಳ್ಕೋಬೇಕು?"

ಶಹನಾಜ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದಳು. ಕೊನೆಗೆ ಕುರ್ಚಿ ನೀಲಿ ಕೋಣೆಗೆ ಹೋಯಿತು. ಕೆಂಪು ಕೋಣೆ ಎಕ್ಸ್‌ರೇ ಮಿಷನ್ನಿಗೆ. ಅಷ್ಟು ದಪ್ಪದ ಗೋಡೆಯಿದ್ದರೆ ಅದಕ್ಕೆ ಬೇರೆ ಕವಚವೇ ಬೇಕಿಲ್ಲವೆಂದು ಪರೀಕ್ಷೆಗೆ ಬಂದವರೂ ಒಪ್ಪಿದರು. ಆ ದಿನವೆಲ್ಲ ಚಾಂದಸಾಬ ತಾನು ಗೆದ್ದವನಂತೆ ಓಡಾಡಿದ.

ಗಚ್ಚಿನ ಕೆಲಸಕ್ಕೆ ಗುಡೂರಿನಿಂದ ಕಲ್ಲಪ್ಪ ಮೇಸ್ತ್ರಿ ಬಂದ. ತನ್ನ ಅಜ್ಜ ಗಚ್ಚು ಬಡಿದ ಗೋಡೆಗಳು ಇನ್ನೂ ನಿಂತಿವೆ ಎಂದು ಹೇಳಿಕೊಂಡೇ ಬಂದ. ನಿಂತಿರಬಹುದು, ಆದರೆ ಕಲ್ಲಪ್ಪ ತಾನು ಹುಟ್ಟಿದಂದಿನಿಂದ ಬಡಿದದ್ದು ಸಿಮೆಂಟು ಮಾತ್ರ. ಸುಮಾ ಪುಸ್ತಕದಲ್ಲಿ ಓದಿದ್ದಳು, ಯಾವುದೋ ಶಿಬಿರದಲ್ಲಿ ಕಲಸಿಯೂ ಇದ್ದಳು. ಇಬ್ಬರೂ ಸೇರಿ ಗುಂಡಿಯಲ್ಲಿ ಸುಣ್ಣ ನೆನೆಹಾಕಿದರು, ಮರಳು ಬೆರೆಸಿದರು, ಬೆಲ್ಲದ ನೀರು ಸುರಿದರು, ಅಳಲೆಕಾಯಿ ಕುದಿಸಿ ಹಾಕಿದರು. ಇರುವೆಗಳು ಓಣಿಯ ಆ ತುದಿಯಿಂದ ಸಾಲುಗಟ್ಟಿ ಬಂದವು. ಪಡಸಾಲೆಯ ಒಂದು ಗೋಡೆ ಬೆಣ್ಣೆಯಂತೆ ನುಣ್ಣಗಾಗಿ ಎಲ್ಲರೂ ಫೋಟೋ ತೆಗೆದುಕೊಂಡರು. ಮರುದಿನ ಮುಂಜಾನೆ ಬೀಗ ತೆಗೆದು ನೋಡಿದರೆ ಗಚ್ಚು ಹಪ್ಪಳದಂತೆ ಕಳಚಿ ನೆಲದ ಮೇಲೆ ಮಲಗಿತ್ತು.

"ಬೆಲ್ಲ ಕಡಿಮಿ ಬಿತ್ತು," ಎಂದ ಕಲ್ಲಪ್ಪ.

"ಗೋಡಿ ಸರಿಯಾಗಿ ತೊಯಿಸಿಲ್ಲ. ಅವಸರ ಮಾಡಿದ್ವಿ," ಎಂದಳು ಸುಮಾ.

"ಉಸಿರು ಬಿಟ್ಟಿರಬೇಕು," ಎಂದ ಚಾಂದಸಾಬ. ಅಂದು ಅವನು ಎಲ್ಲರಿಗೂ ಮಿರ್ಚಿ ಭಜಿ ತರಿಸಿ ತಿನ್ನಿಸಿದ. ಅವನ ಮುಖದಲ್ಲಿ ಅಷ್ಟು ಸಂತೋಷ ಕಂಡು ಅಮೀನಬಿ ತನ್ನ ಪಾಲಿನ ಭಜಿಯನ್ನು ಕಲ್ಲಪ್ಪನ ಮುಂದೆ ಸರಿಸಿದಳು.

ಆದರೆ ಅವರು ಬಿಡಲಿಲ್ಲ. ಗೋಡೆಯ ಧೂಳು ಕೆರೆದು, ನೀರು ಕುಡಿಸಿ ಕುಡಿಸಿ, ತೆಳ್ಳಗೆ ಒಂದೊಂದೇ ಪದರ ಬಡಿದು, ಹಸಿ ಗೋಣಿತಾಟು ಇಳಿಬಿಟ್ಟರು. ಈ ಸಲ ಗಚ್ಚು ಕೂತಿತು. ನೀಲಿ ಕೋಣೆಯ ನೆಲವೂ ಆಯಿತು. ಉಳಿದದ್ದು ಪಡಸಾಲೆಯ ನೆಲ. ಅಷ್ಟರಲ್ಲಿ ಸುಮಾ ಅಕ್ಕನ ಮದುವೆಗೆಂದು ಬಾದಾಮಿಗೆ ಹೋದಳು. ಶಹನಾಜ ಕುರ್ಚಿ ಆರಿಸಲು ಬಾಗಲಕೋಟೆಯಲ್ಲಿದ್ದಳು. ಅಮೀನಬಿಗೆ ಜ್ವರ.

ಮೇಲ್ವಿಚಾರಕನೊಬ್ಬನೇ ಉಳಿದ.

ಚಾಂದಸಾಬ ಅದನ್ನು ಮೋಸವೆಂದುಕೊಳ್ಳಲಿಲ್ಲ. ಶಹನಾಜಳಿಗೆ ಖುಷಿ ಕೊಡುವ ಕಾಣಿಕೆ ಎಂದುಕೊಂಡ. ಕಾರ್ಖಾನೆಯಲ್ಲಿ ಯಾವುದೋ ದೊಡ್ಡ ಹೋಟೆಲಿಗೆಂದು ತೆಗೆದಿಟ್ಟಿದ್ದ ಹಲಗೆಗಳಲ್ಲಿ ಒಂದೇ ಬಣ್ಣದವನ್ನು ಆರಿಸಿದ. ಕಲ್ಲಪ್ಪ ಮೊದಲು ತಲೆ ಕೆರೆದುಕೊಂಡ. ಆಮೇಲೆ, ಸಿಮೆಂಟು ಕಲಸುವುದೆಂದರೆ ತನಗೂ ಬಹಳ ದಿನಗಳ ನಂತರ ತವರಿಗೆ ಹೋದಂತೆ ಎಂದು ಒಪ್ಪಿದ. ಪಡಸಾಲೆಯ ನೆಲ ಗೋಡೆಯಿಂದ ಗೋಡೆಗೆ ಕೆಂಪಗೆ ಹೊಳೆಯಿತು. ಬಾಗಿಲಲ್ಲಿ ನಿಂತರೆ ನೆಲದೊಳಗೆ ಜಂತಿಗಳು ತಲೆಕೆಳಗಾಗಿ ಕಾಣುತ್ತಿದ್ದವು.

ತಿರುಗಿ ಬಂದ ಸುಮಾ ಅದನ್ನು ನೋಡಿ ಬ್ಯಾಗನ್ನು ಕೆಳಗಿಡಲೇ ಇಲ್ಲ. "ತೆಗೀಬೇಕು ಇದನ್ನ," ಎಂದಳು, ಮೆಲ್ಲಗೆ.

"ಖಾಲೂ ಪ್ರೀತಿಯಿಂದ ಹಾಕ್ಯಾರ," ಎಂದು ಶಹನಾಜ ನಡುವೆ ಸಿಕ್ಕಿಕೊಂಡಳು. ದೊಡ್ಡಮ್ಮನ ಗಂಡನನ್ನು ಅವಳು ಕರೆಯುತ್ತಿದ್ದದ್ದು ಖಾಲೂ ಎಂದು.

ಎಲ್ಲರೂ ಅಮೀನಬಿಯ ಮುಖ ನೋಡಿದರು. ಅವಳು ನೆಲವನ್ನೂ ಗಂಡನನ್ನೂ ಒಂದೇ ರೀತಿ ಮೇಲಿಂದ ಕೆಳಗೆ ನೋಡಿದಳು. "ಇರ್ಲಿ ಬಿಡ್ರಿ. ಮಳಿ ಬರ್ಲಿ, ನೋಡೂಣು," ಎಂದಳು.

ಚಾಂದಸಾಬನಿಗೆ ಅದು ಒಪ್ಪಿಗೆಯಂತೆ ಕೇಳಿಸಿತು.

ಆ ವರ್ಷ ಮುಂಗಾರು ಮೋಡ ತೋರಿಸಿ ಹೋಯಿತು. ಹಿಂಗಾರು ಮಾತ್ರ ಸರಿಯಾಗಿ ಸುರಿಯಿತು. ನೇಕಾರ ಓಣಿಯಲ್ಲಿ ನೀರು ಹರಿದು, ಬಣ್ಣದ ಮನೆಯ ಬುನಾದಿಯ ಸುತ್ತ ನಿಂತಿತು. ನೀಲಿ ಕೋಣೆಯಲ್ಲಿ ನೆಲ ಒಂದೆರಡು ದಿನ ಕಪ್ಪಾಗಿ ಕಂಡು ಮತ್ತೆ ಒಣಗಿತು. ಪಡಸಾಲೆಯಲ್ಲಿ ಗ್ರಾನೈಟಿಗೆ ಏನೂ ಆಗಲಿಲ್ಲ, ಹೊಳೆಯುತ್ತಲೇ ಇತ್ತು. ಕೆಳಗಿನ ಹಸಿಗೆ ಮೇಲೆ ಬರಲು ದಾರಿಯಿಲ್ಲದೆ ಅದು ಪಕ್ಕಕ್ಕೆ ಸರಿದು ಗೋಡೆ ಹತ್ತಿತು. ಮೊದಲು ಅಂಗೈಯಗಲ, ಆಮೇಲೆ ಮೊಣಕಾಲೆತ್ತರ, ಆಮೇಲೆ ಸೊಂಟದವರೆಗೆ. ಗಚ್ಚು ಉಬ್ಬಿತು, ಬಿಳಿ ಉಪ್ಪು ಹೊಮ್ಮಿತು.

ಚಾಂದಸಾಬ ದಿನಾ ಬಂದು ನೋಡುತ್ತಿದ್ದ. ಬಂದಾಗಲೆಲ್ಲ ಸ್ವಲ್ಪ ಹೆಚ್ಚೇ ದೂರದಲ್ಲಿ ನಿಂತು ನೋಡುತ್ತಿದ್ದ. ಒಂದು ಮಧ್ಯಾಹ್ನ ಅಮೀನಬಿಯೂ ಜೊತೆಗೆ ಬಂದಳು. ಅವಳು ನೇರ ಮೂಲೆಗೆ ಹೋಗಿ ಕೂತು, ಉಬ್ಬಿದ ಗಚ್ಚಿನ ಅಂಚಿಗೆ ಬೆರಳಿಟ್ಟಳು. ಅಲ್ಲಿ ಸುಮಾ ಮುಟ್ಟದೆ ಬಿಟ್ಟಿದ್ದ ಹಳೆಯ ಗೋಡೆಯ ತುಂಡೊಂದಿತ್ತು. ಅದರ ಮೇಲೆ ನೀಲಿ ಅಂಗೈ ಗುರುತುಗಳು. ಬಾನಿಯಿಂದ ಎದ್ದು ಬಂದ ಗಂಡಸರು ಕೈ ಒರೆಸಿದವು. ಎಲ್ಲಕ್ಕಿಂತ ಕೆಳಗೆ ಒಂದು ಚಿಕ್ಕದು, ಬೆರಳುಗಳನ್ನೆಲ್ಲ ಅಗಲಿಸಿ ಒತ್ತಿದ್ದು. ಅದರ ಹೆಬ್ಬೆರಳಿನ ಕಡೆ ಆಗಲೇ ಉದುರಿತ್ತು.

"ಇದು ಯಾರ್ದು?" ಎಂದು ಕೇಳಿದ ಚಾಂದಸಾಬ.

"ನಂದು. ಅಪ್ಪ ಎರಡ ಬಿಟ್ಟಿದ್ದ ಬೆನ್ನಿಗೆ, ನೀಲಿ ಬಣ್ಣ ದುಬಾರಿ ಅಂತ. ಆಮ್ಯಾಲ ತಾನ ಬಂದವರಿಗೆಲ್ಲಾ ತೋರಿಸ್ತಿದ್ದ," ಎಂದು ಅಮೀನಬಿ ಎದ್ದು ಸೆರಗಿಗೆ ಬೆರಳು ಒರೆಸಿಕೊಂಡಳು. "ನಡೀರಿ, ಅಡಗಿ ಆಗಬೇಕು."

ಅವಳು ಬೈದಿದ್ದರೆ ಅವನಿಗೆ ಉತ್ತರಗಳು ಸಿದ್ಧವಿದ್ದವು. ಮಳೆಯದು ತಪ್ಪು, ಓಣಿಯ ಗಟಾರದ್ದು ತಪ್ಪು, ಕಲ್ಲಪ್ಪನ ಬೆಲ್ಲದ್ದು ತಪ್ಪು. ಬಯ್ಯದೆ ಅಡುಗೆಯ ಮಾತಾಡಿದವಳ ಹಿಂದೆ ನಡೆಯುವಾಗ ಅವುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಮದುವೆಯಾದಂದಿನಿಂದ ಅವಳಿಗೆ ಎಷ್ಟು ಕಲ್ಲು ತಂದುಹಾಕಿದ್ದೆ, ಅವಳ ಅಂಗೈ ಎಷ್ಟಿತ್ತು ಎಂದು ಒಮ್ಮೆಯೂ ನೋಡಿರಲಿಲ್ಲವಲ್ಲ ಎಂದು ಹಾದಿಯುದ್ದಕ್ಕೂ ಅನ್ನಿಸಿತು. ಹಾಗೆಂದು ಹೇಳಲು ಬಾಯಿ ತೆರೆದು, "ಸಾರಿಗೆ ಹುಳಿ ಜಾಸ್ತಿ ಹಾಕಬ್ಯಾಡ" ಎಂದ.

ಮರುದಿನ ಸುಮಾ ಬಂದಾಗ ಪಡಸಾಲೆಯಿಂದ ಠಣ್ ಠಣ್ ಸದ್ದು ಕೇಳುತ್ತಿತ್ತು. ಚಾಂದಸಾಬ ಅಂಗಿ ಕಳಚಿ, ಬನಿಯನ್ನಿನಲ್ಲಿ, ಹಾರೆ ಹಿಡಿದು ತಾನೇ ಹಾಕಿಸಿದ ಹಲಗೆಗಳನ್ನು ಎಬ್ಬಿಸುತ್ತಿದ್ದ. ಪ್ರತಿಯೊಂದು ಬಿರಿದಾಗಲೂ ಅವನ ಮುಖ ಕಿವುಚಿಕೊಳ್ಳುತ್ತಿತ್ತು. ಕಲ್ಲಪ್ಪ ಸಹಾಯಕ್ಕೆ ಬಂದರೆ, "ನೀ ಕೈ ಹಚ್ಚಬ್ಯಾಡ ಮಾರಾಯ, ಮತ್ತ ಬೆಲ್ಲಾ ಕೇಳ್ತಿ" ಎಂದು ದೂರ ಕೂರಿಸಿದ್ದ. ಸುಮಾ ಬುದ್ಧಿವಂತೆ, ಚಹಾ ತರಿಸಿದಳು.

ಚಹಾ ಕುಡಿಯುವಾಗ ಅವಳು ಒಂದು ಮಾತು ಕೇಳಿದಳು. "ಖರೆ ಹೇಳಬೇಕಂದ್ರ ನನ್ನ ನಕ್ಷಾದಾಗೂ ತಪ್ಪಾಗೈತ್ರಿ. ಓಣಿ ನೀರು ಹಿಂಗ ಬುನಾದಿಗೆ ಬಂದು ನಿಲ್ತೈತಿ ಅಂತ ನಾ ಲೆಕ್ಕಾ ಹಿಡಿದಿರಲಿಲ್ಲ. ಗೋಡಿ ಸುತ್ತ ತಗ್ಗು ತೋಡಿ ಕಲ್ಲ ತುಂಬಬೇಕು, ನೀರು ಅದರಾಗ ಇಳದು ಅಂಗಳದ ಹಳೆ ಬಾಂವಿಗೆ ಹೋಗ್ಬೇಕು. ನಿಮ್ಮ ಫ್ಯಾಕ್ಟರಿ ಹಿಂದ ಕಲ್ಲಿನ ಗುಡ್ಡ ಐತಲ್ರಿ?"

"ಅದು ಗುಡ್ಡ ಅಲ್ಲ. ಕಸ. ಕೊಯ್ದು ಉಳದ ಚೂರು," ಎಂದ ಚಾಂದಸಾಬ. ಆ ರಾಶಿ ತೆಗೆಸಿರೆಂದು ಅಕ್ಕಪಕ್ಕದ ಹೊಲದವರು ವರ್ಷಗಳಿಂದ ಅವನ ಬೆನ್ನು ಹತ್ತಿದ್ದರು.

"ಅದ ಬೇಕ್ರಿ."

ಚಾಂದಸಾಬನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಕನ್ನಡಿಯಂಥ ಹಲಗೆಗಳನ್ನು ಪುಕ್ಕಟೆ ಕೊಟ್ಟರೆ ಒಲ್ಲೆನೆಂದವಳು ತಿಪ್ಪೆಯನ್ನು ಕೈಯೊಡ್ಡಿ ಬೇಡುತ್ತಿದ್ದಾಳೆ. ಆದರೂ ಸಂಜೆಯೊಳಗೆ ಟ್ರ್ಯಾಕ್ಟರ್ ಬಂತು. ತಗ್ಗಿಗೆ ದಪ್ಪ ಚೂರು ಕೆಳಗೆ, ಸಣ್ಣದು ಮೇಲೆ ಎಂದು ಅವನೇ ನಿಂತು ತುಂಬಿಸಿದ. ಎಬ್ಬಿಸಿದ ಹಲಗೆಗಳ ತುಂಡುಗಳನ್ನೂ ಅಂಗಳದಲ್ಲಿ ಹೊಳೆಯುವ ಮುಖ ಕೆಳಗೆ ಮಾಡಿ, ನಡುವೆ ನೀರಿಳಿಯಲು ಸಂದು ಬಿಟ್ಟು ಹಾಸಿಸಿದ. ಒರಟು ಮುಖ ಮೇಲಿದ್ದದ್ದರಿಂದ ಯಾರೂ ಜಾರಲಿಲ್ಲ. ಅಮೀನಬಿ ರಬ್ಬರ್ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿ ಅಂಗಳ ಸುತ್ತಿದ್ದನ್ನು ಅವನು ಓರೆಗಣ್ಣಲ್ಲಿ ನೋಡಿದ. ಪಡಸಾಲೆಗೆ ಗಚ್ಚಿನ ನೆಲವಾಯಿತು. ಗೋಡೆ ನಿಧಾನಕ್ಕೆ ಒಣಗಿತು. ಚಿಕ್ಕ ಅಂಗೈ ಹೆಬ್ಬೆರಳಿಲ್ಲದೆ ಉಳಿಯಿತು. ಅದನ್ನು ತಿದ್ದುವುದು ಬೇಡವೆಂದು ಅಮೀನಬಿಯೇ ಹೇಳಿದಳು.

ಬೇಸಿಗೆ ಬರುವ ಹೊತ್ತಿಗೆ ದವಾಖಾನೆ ಶುರುವಾಯಿತು. ಮಾಳಿಗೆಯ ಮೇಲೆ ಸೋಲಾರ್ ಹಲಗೆ, ಹಳೆಯ ಗವಾಕ್ಷಿಗಳಿಂದ ಬೆಳಕು. ಏಸಿ ಇಲ್ಲದೆಯೇ ಒಳಗೆ ತಂಪು. ಹಲ್ಲು ನೋಯದವರೂ ಮಧ್ಯಾಹ್ನ ಬಂದು ಬಾಕಿನ ಮೇಲೆ ಕೂರತೊಡಗಿದರು. ಅವರಿಗೆಲ್ಲ ಚಾಂದಸಾಬ ಗೋಡೆಯ ಉಸಿರಾಟದ ಬಗ್ಗೆ ವಿವರಿಸುತ್ತಿದ್ದ. ಕೇಳಿದವರಿಗೆ ಸುಣ್ಣವನ್ನು ಕಂಡುಹಿಡಿದವನೇ ಅವನೆಂದು ಅನ್ನಿಸಬೇಕು, ಹಾಗೆ.

ಹೀಗಿರುವಾಗ ಬಾಗಲಕೋಟೆಯಿಂದ ಪಾರಂಪರಿಕ ಸಮಿತಿಯವರು ಕೆಲಸ ನೋಡಲು ಬರುವ ಸುದ್ದಿ ಬಂತು. ಚಾಂದಸಾಬ ಹೊಸ ಜುಬ್ಬಾ ಹೊಲಿಸಿದ. ಹೇಳಬೇಕಾದ ಮಾತುಗಳನ್ನು ಕಾರ್ಖಾನೆಯ ಮಿಷನ್ನುಗಳ ಸದ್ದಿನಲ್ಲಿ ದೊಡ್ಡ ದನಿಯಿಂದ ಹೇಳಿ ಹೇಳಿ ಅಭ್ಯಾಸ ಮಾಡಿದ. ಆ ವಾರವೇ ಅವನ ದವಡೆಹಲ್ಲು ಒಳಗೊಳಗೆ ಕೆರಳಿತು. ಡಾಕ್ಟರ ಮನೆಯವನಾಗಿ ಹಲ್ಲುನೋವು ಒಪ್ಪಿಕೊಳ್ಳುವುದು ಅವಮಾನವೆಂದು ಲವಂಗ ಕಚ್ಚಿಕೊಂಡು ಓಡಾಡಿದ. ಸಮಿತಿಯವರು ಬರುವ ದಿನ ಮುಂಜಾನೆ ಒಂದು ಕೆನ್ನೆ ಊದಿ, ಮೀಸೆ ವಾಲಿಕೊಂಡಿತು. ಶಹನಾಜ ಕುರ್ಚಿಗೆ ಕೂರಿಸಿ ನೋಡಿ, ಕೀಳದೆ ಗತಿಯಿಲ್ಲವೆಂದಳು.

"ಅವ್ರು ಮಧ್ಯಾಹ್ನ ಬರ್ತಾರ. ಅಷ್ಟರಾಗ ಮಾತಾಡಬಹುದಲ್ಲ?" ಎಂದ ಅವನು.

"ಆರಾಮಾಗಿ, ಖಾಲೂ," ಎಂದಳು ಅವಳು ಸೂಜಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು.

ಹಲ್ಲು ಬಂತು. ಬಾಯಿಗೆ ಹತ್ತಿ ತುರುಕಿ, ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಒಂದೂ ಮಾತಾಡಬಾರದು ಎಂದು ತಾಕೀತು ಮಾಡಿ ಅವಳು ಕೈ ತೊಳೆಯುವಷ್ಟರಲ್ಲೇ ಹೊರಗೆ ಜೀಪು ನಿಂತ ಸದ್ದು. ಸಮಿತಿಯವರು ಬೇಗನೆ ಬಂದಿದ್ದರು. ಸುಮಾ ಇನ್ನೂ ಬಾದಾಮಿಯ ಬಸ್ಸಿನಲ್ಲಿದ್ದಳು. ಬಾಗಿಲಲ್ಲಿ ಸಿಕ್ಕವನು ಕಲ್ಲಪ್ಪ.

ಕಲ್ಲಪ್ಪ ಅವರನ್ನು ಅಂಗಳದಲ್ಲಿ ಸುತ್ತಿಸಿ, ತಗ್ಗು ತೋರಿಸಿ, ನೀರು ಹೇಗೆ ಬಾವಿಗೆ ಇಳಿಯುತ್ತದೆಂದು ಹೇಳುತ್ತ ನೀಲಿ ಕೋಣೆಗೂ ಕರೆತಂದ. "ಕಲ್ಲ ತಿರುವಿ ಹಾಸೂಣು ಅಂತ ಹೊಳದದ್ದು ನನಗ ರೀ," ಎನ್ನುತ್ತಿದ್ದ. "ಇವ್ರು ಮೊದಲು ಒಪ್ಪಲಿಲ್ಲ."

ಕುರ್ಚಿಯಲ್ಲಿ ಮಲಗಿದ್ದ ಚಾಂದಸಾಬ ಎದ್ದು ಕೂತ. ಹೂಂ ಹೂಂ ಎಂದು ಸದ್ದು ಮಾಡಿ, ಅಂಗಳದ ಕಡೆ ಬೆರಳು ತೋರಿಸಿ, ಆ ಬೆರಳನ್ನು ತನ್ನ ಎದೆಗೆ ಬಡಿದುಕೊಂಡ.

"ಪಾಪ, ಭಾಳ ತ್ರಾಸ ಆಗಾಕತ್ತೈತಿ ಅವರಿಗೆ," ಎಂದರು ಸಮಿತಿಯ ಹಿರಿಯರು.

ಚಾಂದಸಾಬ ದಿಕ್ಕುಗಾಣದೆ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ನೋಡಿದ. ನೀನಾದರೂ ಹೇಳು ಎಂದು ಕಣ್ಣಲ್ಲೇ ಬೇಡಿಕೊಂಡ. ಅಮೀನಬಿಗೆ ಎಲ್ಲವೂ ಅರ್ಥವಾಗಿತ್ತು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

"ಇವ್ರು ನಮ್ಮನಿಯವ್ರು. ಎಲ್ಲಾ ಕಲ್ಲಪ್ಪನ ಶಾಣ್ಯಾತನ, ನಂದೇನೂ ಇಲ್ಲ ಅಂತ ಹೇಳಾಕತ್ತಾರ."

ಹಿರಿಯರು ಇಂಥ ವಿನಯವನ್ನು ಈ ಕಾಲದಲ್ಲಿ ಕಾಣುವುದು ಕಷ್ಟವೆಂದು ಚಾಂದಸಾಬನ ಎರಡೂ ಕೈ ಹಿಡಿದು ಕುಲುಕಿದರು. ಕಲ್ಲಪ್ಪ ನಾಚಿಕೊಂಡು ನೆಲ ನೋಡಿದ. ಶಹನಾಜ ಗೋಡೆಯ ಕಡೆ ಮುಖ ತಿರುಗಿಸಿದವಳು ಬಹಳ ಹೊತ್ತು ಈ ಕಡೆ ತಿರುಗಲಿಲ್ಲ.

ಅವರು ಹೊರಟುಹೋದ ಮೇಲೆ ಅಮೀನಬಿ ಅಂಗಳದ ನೆರಳಲ್ಲಿ ಗಂಡನನ್ನು ಕೂರಿಸಿ, ಹತ್ತಿ ತೆಗೆಯಬಹುದೆಂದು ಶಹನಾಜ ಹೇಳಿದ ನಂತರ, ಬಟ್ಟಲಲ್ಲಿ ಕುಲ್ಫಿ ಕರಗಿಸಿ ತಂದಳು. ಇನ್ನೂ ಮರಗಟ್ಟಿದ್ದ ತುಟಿಯಿಂದ ಅದು ಮೀಸೆಗೆ ಇಳಿಯಿತು. ಅವನು ಏನೋ ಹೇಳಲು ಹೋದ. ಬರೀ ಬುಳುಬುಳು ಸದ್ದು ಬಂತು.

"ಸುಮ್ನ ತಿನ್ರಿ," ಎಂದಳು ಅಮೀನಬಿ. ಒದ್ದೆ ಬಟ್ಟೆಯಿಂದ ಅವನ ಮೀಸೆ ಒರೆಸಿ, ಪಕ್ಕದಲ್ಲೇ ಕಾಲು ಚಾಚಿ ಕೂತು, ಅವನಿಗೆ ಯಾವ ಯಾವ ವರ್ಷದಲ್ಲಿ ಏನೇನು ಹೇಳಬೇಕೆಂದುಕೊಂಡು ಹೇಳದೆ ಬಿಟ್ಟಿದ್ದಳೋ ಅದನ್ನೆಲ್ಲ ಅವಸರವಿಲ್ಲದೆ ಹೇಳಲು ಶುರುಮಾಡಿದಳು.